ಕಲ್ಲಿನ ವಿಷಯ ಪುಸ್ತಕದಲ್ಲಿ ಓದಿ, ಬಸ್ಸಿನ ವಿಷಯ ಬಾಯಲ್ಲಿ ಕೇಳಿ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಸ್ವಂತವಾಗಿ ಊರು ತಿರುಗುವವರಿಗೆ ಕೈಪಿಡಿ ಬೇಕೋ ಬೇಡವೋ? ಇದಕ್ಕೆ ಒಂದೇ ಮಾತಿನ ಉತ್ತರ ಕೊಡಲಾಗದು. ಯಾವ ಊರಿಗೆ, ಕೈಪಿಡಿಯ ಯಾವ ಪುಟ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಆದ್ದರಿಂದ ಇವತ್ತಿನ ಮಾತನ್ನು ಒಂದೇ ದಾರಿಗೆ ಕಟ್ಟಿಹಾಕೋಣ. ಹೊಸಪೇಟೆಯಲ್ಲಿ ಇಳಿದು ಹಂಪಿ ನೋಡುವುದು, ಅಲ್ಲಿಂದ ಬಾದಾಮಿ, ಐಹೊಳೆ, ಪಟ್ಟದಕಲ್ಲು. ಬಾಡಿಗೆ ಕಾರು ಇಲ್ಲ, ಪ್ಯಾಕೇಜು ಇಲ್ಲ. ರೈಲು, ಸರ್ಕಾರಿ ಬಸ್ಸು, ಟಂಟಂ ಎಂಬ ಶೇರ್ ಆಟೋ, ಉಳಿದದ್ದಕ್ಕೆ ಕಾಲು. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವುಗಳ ಮೇಲೆ ಪುಸ್ತಕಗಳಿಗೆ ಬರವಿಲ್ಲ. ಹಾಗಿದ್ದೂ ಪುಸ್ತಕ ಹಿಡಿದು ಹೋದವರು ಸಂಜೆ ಐಹೊಳೆಯ ರಸ್ತೆ ಬದಿಯಲ್ಲಿ ಬಸ್ಸಿಲ್ಲದೆ ನಿಂತಿರುತ್ತಾರೆ.

ಕಾರಣ ಸರಳ. ಕೈಪಿಡಿಯಲ್ಲಿ ಎರಡು ಜಾತಿಯ ಮಾಹಿತಿ ಒಂದೇ ಅಕ್ಷರದಲ್ಲಿ, ಒಂದೇ ಧೈರ್ಯದಲ್ಲಿ ಅಚ್ಚಾಗಿರುತ್ತದೆ. ಒಂದು ಕೆಡದ ಮಾಹಿತಿ: ಗುಡಿ ಎಲ್ಲಿದೆ, ಯಾರು ಕಟ್ಟಿಸಿದರು, ಯಾವ ದಿಕ್ಕಿಗೆ ಮುಖ, ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ. ಇನ್ನೊಂದು ಬೇಗ ಹಳಸುವಂಥದ್ದು: ಬಸ್ಸಿನ ವೇಳೆ, ಲಾಡ್ಜಿನ ಹೆಸರು, ದರ, ಫೋನ್ ನಂಬರು, ದೋಣಿಯ ಹೊತ್ತು. ಮೊದಲನೆಯದಕ್ಕೆ ಮೂವತ್ತು ವರ್ಷ ಹಳೆಯ ಪುಸ್ತಕವೂ ಆದೀತು. ಎರಡನೆಯದಕ್ಕೆ ಹೋದ ವರ್ಷದ ಪುಸ್ತಕವನ್ನೂ ನಂಬಬಾರದು, ಯಾಕೆಂದರೆ ಮಾಹಿತಿ ಕಲೆಹಾಕುವುದಕ್ಕೂ ಪುಸ್ತಕ ಅಂಗಡಿಗೆ ಬರುವುದಕ್ಕೂ ನಡುವೆ ಬಹಳ ಕಾಲ ಸಂದಿರುತ್ತದೆ.

ಹಂಪಿಯಷ್ಟು ಚೆನ್ನಾಗಿ ಇದನ್ನು ತೋರಿಸುವ ಊರು ಕಡಿಮೆ. ವಿರೂಪಾಕ್ಷ ಗುಡಿಯ ಎದುರಿನ ರಥಬೀದಿಯ ಸಾಲುಮಂಟಪಗಳಲ್ಲಿ ಅಂಗಡಿ, ಹೋಟೆಲು, ಮನೆಗಳಿದ್ದವು. 2011ರ ಜುಲೈನಲ್ಲಿ ಅವನ್ನು ತೆರವು ಮಾಡಿದರು. ತುಂಗಭದ್ರಾ ಹೊಳೆಯಾಚೆ ವಿರೂಪಾಪುರಗಡ್ಡೆಯಲ್ಲಿದ್ದ ರೆಸಾರ್ಟುಗಳು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನೆಲಸಮವಾದವು. ಅದಕ್ಕೂ ಮುಂಚೆ ಅಚ್ಚಾದ ಯಾವ ಕೈಪಿಡಿ ತೆಗೆದರೂ ವಸತಿಯ ಪುಟದ ಅರ್ಧಭಾಗ ಇಲ್ಲದ ಮನೆಗಳ ಪಟ್ಟಿ. ಆನೆಗೊಂದಿಗೆ ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದುಬಿತ್ತು. ಈಗ ವಾಹನಗಳು ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ಮೇಲೆ ಸುತ್ತಿಕೊಂಡು ಹೋಗುತ್ತವೆ. ಹಳೆಯ ನಕ್ಷೆಯಲ್ಲಿ ಆ ದಾರಿಯೇ ಇರುವುದಿಲ್ಲ.

ಊರಿನ ಹೆಸರುಗಳದ್ದೂ ಇದೇ ಕಥೆ. 2014ರ ನವೆಂಬರ್ 1ರಿಂದ ಹಾಸ್ಪೆಟ್ ಹೋಗಿ ಹೊಸಪೇಟೆ, ಬಿಜಾಪುರ ಹೋಗಿ ವಿಜಯಪುರ, ಬಳ್ಳಾರಿ, ಹುಬ್ಬಳ್ಳಿಗಳೂ ಇಂಗ್ಲಿಷಿನಲ್ಲಿ ನಮ್ಮ ಉಚ್ಚಾರಣೆಗೆ ಬಂದವು. 2021ರಲ್ಲಿ ಹೊಸಪೇಟೆ, ಹಂಪಿ ಎರಡೂ ಬಳ್ಳಾರಿ ಜಿಲ್ಲೆಯಿಂದ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಕನ್ನಡಿಗರಿಗೆ ಇದರಿಂದ ತೊಂದರೆಯಿಲ್ಲ. ಮಹಾರಾಷ್ಟ್ರದಿಂದಲೋ ಅಮೆರಿಕದಿಂದಲೋ ಟಿಕೆಟ್ ಹುಡುಕುವ ನಿಮ್ಮ ನೆಂಟರಿಗೆ ತೊಂದರೆಯಿದೆ. ಅವರಿಗೆ ರೈಲ್ವೆಯ ನಿಲ್ದಾಣ ಸಂಕೇತ ಕೊಟ್ಟುಬಿಡಿ, ಹೆಸರು ಬದಲಾದರೂ ಅವು ಬದಲಾಗಿಲ್ಲ: ಹೊಸಪೇಟೆ ಎಚ್‌ಪಿಟಿ, ಬಾದಾಮಿ ಬಿಡಿಎಂ, ವಿಜಯಪುರ ಬಿಜೆಪಿ. ಕೊನೆಯದಕ್ಕೆ ನಗಬೇಡಿ, ಅದು ಹಳೆಯ ಬಿಜಾಪುರದ ಗುರುತು.

ಇನ್ನು ಪುಸ್ತಕ ಎಲ್ಲಿ ಕೈಹಿಡಿಯುತ್ತದೆ ಎಂದು ನೋಡೋಣ. ಹಂಪಿಯಲ್ಲಿ ದಾರಿ ತಪ್ಪುವುದಕ್ಕಿಂತ ದೊಡ್ಡ ಕಷ್ಟ ದಿನ ತಪ್ಪುವುದು. ಸ್ಮಾರಕಗಳು ಮುಖ್ಯವಾಗಿ ಎರಡು ಗುಂಪಾಗಿವೆ. ಹೊಳೆಯ ದಂಡೆಯಲ್ಲಿ ವಿರೂಪಾಕ್ಷ, ಕೋದಂಡರಾಮ, ಅಚ್ಯುತರಾಯ, ವಿಠ್ಠಲ ಗುಡಿಗಳದು ಒಂದು. ಕಮಲಾಪುರದ ಕಡೆ ಹಜಾರರಾಮ, ಮಹಾನವಮಿ ದಿಬ್ಬ, ಕಮಲ ಮಹಲ್, ಆನೆ ಲಾಯದ್ದು ಇನ್ನೊಂದು. ಇದು ತಲೆಯಲ್ಲಿ ಕೂರದೆ ಹೋದವರು ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ, ಸಂಜೆ ಮತ್ತೆ ಮೊದಲ ಕಡೆಗೆ ಆಟೋ ಹಿಡಿದು ಓಡಾಡಿ, ದುಡ್ಡನ್ನೆಲ್ಲ ಅದಕ್ಕೇ ಸುರಿಯುತ್ತಾರೆ. ಪುಸ್ತಕ ಇಲ್ಲದವರಿಗೂ ಒಂದು ಉಪಾಯವಿದೆ. ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಹಂಪಿಯ ಗುಡ್ಡ, ಹೊಳೆ, ಗುಡಿಗಳನ್ನೆಲ್ಲ ತೋರಿಸುವ ದೊಡ್ಡ ಮಾದರಿ ಮಾಡಿಟ್ಟಿದ್ದಾರೆ. ಮೊದಲ ದಿನವೇ ಅದರ ಸುತ್ತ ಹತ್ತು ನಿಮಿಷ ನಿಂತರೆ ಎಷ್ಟೋ ಪುಟ ಓದುವುದು ಉಳಿಯುತ್ತದೆ. ಶುಕ್ರವಾರ ಮಾತ್ರ ಹೋಗಬೇಡಿ. ಪುರಾತತ್ವ ಇಲಾಖೆಯ ಸ್ಥಳ ಸಂಗ್ರಹಾಲಯಗಳು ಶುಕ್ರವಾರ ಮುಚ್ಚಿರುತ್ತವೆ. ಬಾದಾಮಿ, ಐಹೊಳೆಯವೂ ಅಷ್ಟೇ. ಗುಡಿಗಳಿಗೆ ಆ ರಜೆ ಇಲ್ಲ, ಆದ್ದರಿಂದ ಶುಕ್ರವಾರವನ್ನು ಹೊರಗಿನ ತಿರುಗಾಟಕ್ಕೆ ಇಟ್ಟುಕೊಳ್ಳಿ.

ಹೊಸಪೇಟೆಯಿಂದ ಹಂಪಿ 13 ಕಿಲೋಮೀಟರು. ಬಸ್ಸುಗಳು ಎರಡು ದಾರಿಯಲ್ಲಿ ಹೋಗುತ್ತವೆ, ಕಡ್ಡಿರಾಂಪುರದ ಮೇಲೆ ಒಂದು, ಕಮಲಾಪುರದ ಮೇಲೆ ಇನ್ನೊಂದು. ವಿರೂಪಾಕ್ಷನಿಂದ ಶುರು ಮಾಡುವವರಿಗೆ ಕಡ್ಡಿರಾಂಪುರದ್ದು ನೇರ. ಅರಮನೆ ಆವರಣದಿಂದ ಶುರು ಮಾಡುವವರು ಕಮಲಾಪುರದ ಬಸ್ಸನ್ನೇ ಹತ್ತಬೇಕು. “ಹಂಪಿಗೆ ಹೋಗುತ್ತದಾ” ಎಂದರೆ ಎರಡೂ ಕಂಡಕ್ಟರುಗಳು ಹೌದು ಎನ್ನುತ್ತಾರೆ. “ಯಾವ ಊರ ಮೇಲೆ” ಎಂದು ಕೇಳುವುದು ನಿಮ್ಮ ಕೆಲಸ.

ವಿಠ್ಠಲ ಗುಡಿಗೆ ವಾಹನ ನೇರವಾಗಿ ಹೋಗುವುದಿಲ್ಲ. ಒಂದು ಕಿಲೋಮೀಟರಿನಷ್ಟು ಹಿಂದೆಯೇ ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಬೇಕು, ರಜೆಯ ದಿನ ಅದಕ್ಕೆ ಉದ್ದನೆಯ ಸಾಲು. ಕಾಲು ಗಟ್ಟಿಯಿದ್ದವರು ರಥಬೀದಿಯ ಕೊನೆಯಿಂದ ಹೊಳೆಯ ದಂಡೆ ಹಿಡಿದು, ಕೋದಂಡರಾಮ ಗುಡಿಯನ್ನೂ ರಾಯರ ತುಲಾಭಾರದ ಕಲ್ಲುಕಮಾನನ್ನೂ ದಾಟಿ ಸುಮಾರು ಎರಡು ಕಿಲೋಮೀಟರು ನಡೆದರೆ ಗುಡಿಯ ಬಾಗಿಲಲ್ಲೇ ಇರುತ್ತಾರೆ. ನಮ್ಮ ಮಟ್ಟಿಗೆ ಹಂಪಿಯಲ್ಲಿ ಇದಕ್ಕಿಂತ ಒಳ್ಳೆಯ ನಡಿಗೆ ಇಲ್ಲ. ಬೆಳಿಗ್ಗೆ ಬೇಗ ಹೊರಡಿ, ಬಂಡೆ ಕಾದ ಮೇಲೆ ನಡೆಯಲಾಗದು. ಬಾಡಿಗೆ ಸೈಕಲ್ಲು ಈ ದಾರಿಗೆ ಆಗಿಬರುವುದಿಲ್ಲ, ಮೆಟ್ಟಿಲು, ಹಾಸುಬಂಡೆಗಳ ಮೇಲೆ ಹೊತ್ತುಕೊಂಡು ಹೋಗಬೇಕಾದೀತು. ಅರಮನೆ ಆವರಣದ ಕಡೆಗೆ ಸೈಕಲ್ಲು ಸರಿ. ಹಣ ಕೊಡುವ ಮೊದಲು ಎರಡೂ ಬ್ರೇಕು ಹಿಡಿದು ನೋಡಿ, ಕಮಲಾಪುರದ ದಾರಿಯಲ್ಲಿ ಏರಿಳಿತವಿದೆ.

ವಿಠ್ಠಲ ಗುಡಿಯಲ್ಲಿ ಕೊಂಡ ಟಿಕೆಟ್ಟು ಅದೇ ದಿನ ಕಮಲ ಮಹಲ್ ಆವರಣಕ್ಕೂ ಕಮಲಾಪುರದ ಸಂಗ್ರಹಾಲಯಕ್ಕೂ ನಡೆಯುತ್ತದೆ. ಬಿಸಾಡಿದರೆ ಮತ್ತೆ ಕೊಳ್ಳಬೇಕು, ಹಾಗೆ ಎಷ್ಟೋ ಜನ ಕೊಳ್ಳುತ್ತಾರೆ. ದರ ಭಾರತೀಯರಿಗೆ ಹಂಪಿ, ಪಟ್ಟದಕಲ್ಲಿನಂಥ ಕಡೆ 40 ರೂಪಾಯಿ, ಬಾದಾಮಿಯ ಗುಹೆಗಳಂಥ ಕಡೆ 25. ಆನ್‌ಲೈನಿನಲ್ಲಿ ಕೊಂಡರೆ 5 ರೂಪಾಯಿ ಕಡಿಮೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಇದೂ ಹಳಸುವ ಜಾತಿಯ ಮಾಹಿತಿ ಎಂಬುದು ನೆನಪಿರಲಿ. ವಿದೇಶಿಯರ ದರ ಇದರ ಹತ್ತು ಪಟ್ಟಿಗೂ ಹೆಚ್ಚು. ಆದರೆ ಒಸಿಐ (ಸಾಗರೋತ್ತರ ಭಾರತೀಯ ಪೌರರ) ಕಾರ್ಡು ಇರುವ ಕನ್ನಡಿಗರಿಗೆ ಭಾರತೀಯರ ದರವೇ, ಕಾರ್ಡನ್ನು ಲಾಡ್ಜಿನಲ್ಲಿ ಬಿಟ್ಟು ಹೋಗದಿದ್ದರೆ. ಗುಡಿಯ ಬಾಗಿಲಲ್ಲಿ ಸಿಗ್ನಲ್ ಸಿಗದೆ ಕ್ಯುಆರ್ ಕೋಡ್ ತಿರುಗುತ್ತಲೇ ಇರುವುದುಂಟು, ಹಿಂದಿನ ರಾತ್ರಿಯೇ ಕೊಂಡಿಟ್ಟುಕೊಳ್ಳುವುದು ಲೇಸು. ಟ್ರೈಪಾಡಿಗೆ ಇಲಾಖೆಯ ಅನುಮತಿ ಬೇಕು, ಹೊತ್ತು ತರಬೇಡಿ.

ಹಂಪಿಯಿಂದ ಬಾದಾಮಿಗೆ ಹೋಗುವುದರಲ್ಲೇ ಹೆಚ್ಚಿನವರ ಯೋಜನೆ ಮುರಿಯುವುದು. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ, ನೇರ ಬಸ್ಸುಗಳು ಕಡಿಮೆ. ದಾರಿ ಎರಡಿವೆ. ರೈಲಿನಲ್ಲಾದರೆ ಕೊಪ್ಪಳದ ಮೇಲೆ ಗದಗ, ಅಲ್ಲಿ ಇಳಿದು ವಿಜಯಪುರದ ಕಡೆಗಿನ ಗಾಡಿ. ಗದಗದಲ್ಲಿ ಕಾಯುವುದು ಅರ್ಧ ದಿನವಾಗುವಂತಿದ್ದರೆ ಬೇಸರ ಬೇಡ, ಹೊಸಪೇಟೆ ರಸ್ತೆಯಲ್ಲೇ ಸುಮಾರು 12 ಕಿಲೋಮೀಟರಿಗೆ ಲಕ್ಕುಂಡಿಯಿದೆ. ಅಲ್ಲಿನ ಕಾಶಿವಿಶ್ವನಾಥ ಗುಡಿಯ ಬಾಗಿಲುವಾಡ ನೋಡಲು ಕಾದವರಿಗೆ ನಷ್ಟವಿಲ್ಲ. ಬಸ್ಸಿನಲ್ಲಾದರೆ ಕುಷ್ಟಗಿ, ಇಳಕಲ್ಲಿನ ಹೆದ್ದಾರಿ ಹಿಡಿದು ಹುನಗುಂದ, ಅಲ್ಲಿಂದ ಅಮೀನಗಡ. ಅಮೀನಗಡದಿಂದ ಐಹೊಳೆ ಹತ್ತಿರ. ಸಾಮಾನು ಕಡಿಮೆಯಿದ್ದರೆ ಐಹೊಳೆ, ಪಟ್ಟದಕಲ್ಲು ನೋಡಿಕೊಂಡೇ ರಾತ್ರಿಗೆ ಬಾದಾಮಿ ಸೇರಬಹುದು. ಕರದಂಟು ಕೊಳ್ಳುವುದಿದ್ದರೆ ಅಮೀನಗಡದಲ್ಲೇ ಕೊಳ್ಳಿ.

ರೈಲಿನಲ್ಲಿ ಬಂದವರಿಗೆ ಒಂದು ಎಚ್ಚರಿಕೆ. ಬಾದಾಮಿ ನಿಲ್ದಾಣ ಊರಿನಿಂದ 5 ಕಿಲೋಮೀಟರು ದೂರ. ಗಾಡಿ ಬಂದಾಗಷ್ಟೇ ಹೊರಗೆ ಆಟೋ, ಟಂಟಂ ನಿಂತಿರುತ್ತವೆ, ತುಂಬಿದ ಕೂಡಲೇ ಹೊರಟುಹೋಗುತ್ತವೆ. ಚಹಾ, ಫೋಟೊ, ಸೆಲ್ಫಿ ಎಲ್ಲ ಊರು ಸೇರಿದ ಮೇಲೆ.

ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರು, ಅಲ್ಲಿಂದ ಐಹೊಳೆ ಇನ್ನೊಂದು 13. ನೋಡುವ ಕ್ರಮ ಹತ್ತಿರದಿಂದ ದೂರಕ್ಕೆ ಎಂದು ಎಲ್ಲರಿಗೂ ತೋಚುತ್ತದೆ. ಬಸ್ಸಿನವರು ಅದನ್ನು ತಿರುಗಿಸಬೇಕು. ಬೆಳಗಿನ ಮೊದಲ ಬಸ್ಸಿಗೆ ದೂರದ ಐಹೊಳೆಗೆ ಹೋಗಿ, ವಾಪಸ್ ಬರುತ್ತಾ ಪಟ್ಟದಕಲ್ಲಿನಲ್ಲಿ ಇಳಿಯಿರಿ. ಐಹೊಳೆಗೆ ಬಸ್ಸು ವಿರಳ, ಪಟ್ಟದಕಲ್ಲಿನಿಂದ ಬಾದಾಮಿಗೆ ಬಸ್ಸೂ ಟಂಟಂಗಳೂ ಹೆಚ್ಚು. ಹೊತ್ತು ಮೀರಿದರೂ ಸಿಕ್ಕಿಬೀಳುವ ಜಾಗ ಸುಲಭದ್ದಾಗಿರಬೇಕು, ಅದೇ ಇದರ ಲೆಕ್ಕ.

ಇಲ್ಲಿ ಒಂದು ಮಾತು ಸ್ವಲ್ಪ ನಿಂತು ಹೇಳಬೇಕು. ಬಸ್ಸಿನ ವೇಳೆ ಕೇಳುವುದಕ್ಕೂ ರೀತಿಯಿದೆ. “ಐದು ಗಂಟೆಗೆ ಬಸ್ಸಿದೆಯಲ್ಲ?” ಎಂದು ಕೇಳಿದರೆ “ಹ್ಞೂಂ, ಐತ್ರಿ” ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಸೌಜನ್ಯ. ನೀವು ನಂಬಿಕೊಂಡದ್ದನ್ನು ಅಲ್ಲಗಳೆಯಲು ಯಾರಿಗೂ ಮನಸ್ಸಿರುವುದಿಲ್ಲ. ವೇಳೆಯನ್ನು ನೀವು ಹೇಳದೆ ಅವರಿಂದಲೇ ಹೇಳಿಸಬೇಕು: “ಅಣ್ಣಾರ, ಐಹೊಳಿಯಿಂದ ಬಾದಾಮಿಗೆ ಕಡೀ ಬಸ್ಸು ಎಷ್ಟಕ್ಕರಿ? ಅದರ ಮುಂಚಿಂದು?” ಎರಡನೆಯ ಪ್ರಶ್ನೆ ಮುಖ್ಯ. ನಿಮ್ಮ ದಿನವನ್ನು ಆ ಮುಂಚಿನ ಬಸ್ಸಿಗೆ ಕಟ್ಟಿ, ಕಡೆಯದನ್ನು ಆಪತ್ತಿಗೆ ಉಳಿಸಿಕೊಳ್ಳಿ. ಕೇಳಬೇಕಾದದ್ದು ಇಬ್ಬರನ್ನು. ಹೊರಡುವಾಗ ಬಾದಾಮಿ ನಿಲ್ದಾಣದ ಕಂಟ್ರೋಲರನ್ನು, ಇಳಿಯುವಾಗ ನಿಮ್ಮ ಬಸ್ಸಿನ ಕಂಡಕ್ಟರನ್ನು. ಇಬ್ಬರ ಮಾತು ಹೊಂದದಿದ್ದರೆ ನಿಲ್ದಾಣದ ಎದುರಿನ ಚಹಾದಂಗಡಿಯವರೇ ತೀರ್ಪುಗಾರರು, ದಿನವೂ ಆ ಬಸ್ಸನ್ನು ನೋಡುವವರು ಅವರು.

ಇನ್ನೊಂದು ಬಲೆ ವಸ್ತಿ ಬಸ್ಸು. ಸಂಜೆ ಊರೊಳಗೆ ಬಸ್ಸು ಬಂದದ್ದು ಕಂಡು “ಇದೇ ತಿರುಗಿ ಹೋಗುತ್ತದೆ” ಎಂದು ನಿಶ್ಚಿಂತೆಯಿಂದ ಕೂರುವವರಿದ್ದಾರೆ. ಹಳ್ಳಿಗೆ ಬರುವ ಕೊನೆಯ ಬಸ್ಸು ಎಷ್ಟೋ ಸಲ ಅಲ್ಲೇ ರಾತ್ರಿ ತಂಗಿ, ಬೆಳಗಿನ ಮೊದಲ ಬಸ್ಸಾಗಿ ಹೊರಡುತ್ತದೆ. ಬಂದ ಬಸ್ಸಿನ ಕಂಡಕ್ಟರು ಹಾಸಿಗೆ ಇಳಿಸುತ್ತಿದ್ದರೆ ನಿಮ್ಮ ಸಂಜೆ ಮುಗಿಯಿತು. “ಇದು ವಸ್ತಿನಾ, ತಿರುಗತೈತಾ?” ಎಂದು ಕೇಳಲು ನಾಚಬೇಡಿ. ವಿದೇಶದಲ್ಲಿ ಬೆಳೆದು ಕನ್ನಡ ಮಾತಾಡಲು ಬಂದರೂ ಓದಲು ಬಾರದ ಮಕ್ಕಳು ಹೀಗೆ ತಿರುಗುವುದಾದರೆ, ಹೋಗುವ ಊರುಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದುಕೊಡಿ. ಹಳ್ಳಿ ಬಸ್ಸಿನ ಬೋರ್ಡಿನಲ್ಲಿ ಬೇರೆ ಲಿಪಿ ಇರುತ್ತದೆಂಬ ಭರವಸೆ ಇಲ್ಲ, ಚೀಟಿಯಲ್ಲಿರುವುದನ್ನು ಬೋರ್ಡಿನ ಜೊತೆ ಹೋಲಿಸಿ ನೋಡಿದರೆ ಸಾಕು.

ಜಾಗ ತಲುಪಿದ ಮೇಲೆ ಮತ್ತೆ ಪುಸ್ತಕದ ಸರದಿ. ಪಟ್ಟದಕಲ್ಲನ್ನು ಪುಸ್ತಕವಿಲ್ಲದೆ ನೋಡಿದವರು ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತಾರೆ, ಗುಡಿ, ಗುಡಿ, ಇನ್ನೊಂದು ಗುಡಿ. ಗಳಗನಾಥದ ಬಾಗಿದ ಗೆರೆಯ ಶಿಖರವನ್ನೂ ವಿರೂಪಾಕ್ಷದ ಅಂತಸ್ತು ಅಂತಸ್ತಾಗಿ ಏರುವ ವಿಮಾನವನ್ನೂ ಒಂದೇ ಕಡೆ ನಿಂತು ನೋಡಬಹುದು. ಔತ್ತರೇಯ, ದಾಕ್ಷಿಣಾತ್ಯ ಶೈಲಿಗಳೆರಡೂ ಹೀಗೆ ಒಂದೇ ಅಂಗಳದಲ್ಲಿ ಬೆಳೆದು ನಿಂತದ್ದೇ ಈ ಊರಿನ ಹೆಚ್ಚುಗಾರಿಕೆ ಎಂದು ಯಾರಾದರೂ ಹೇಳಿಕೊಡಬೇಕು. ಚಾಲುಕ್ಯರ ದೊರೆ ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದದ್ದಕ್ಕೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲೇ ಇದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶ ಬರೆಸಿದ 578ರ ಶಾಸನವಿದೆ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ ಶಾಸನ, 634ರದ್ದು. ಮೇಗುತಿ ಗುಡ್ಡದ ಮೇಲಿದೆ. ದುರ್ಗ ಗುಡಿಯ ಬೇಲಿಯೊಳಗಷ್ಟೇ ಸುತ್ತಿದವರು ಅದನ್ನು ನೋಡದೆಯೇ ಹಿಂತಿರುಗುತ್ತಾರೆ. ಇಂಥದ್ದಕ್ಕೆ ಪುರಾತತ್ವ ಇಲಾಖೆಯ ತೆಳುವಾದ ಸ್ಥಳ ಕೈಪಿಡಿ ಸಾಕು. ಹಳೆಯ ಮುದ್ರಣ ಗ್ರಂಥಾಲಯದಲ್ಲಿ ಸಿಕ್ಕರೂ ಆದೀತು. ಬೇಕಾದ ಪುಟಗಳ ಫೋಟೊ ತೆಗೆದುಕೊಂಡರೆ ಹೊರುವ ಭಾರವೂ ಇಲ್ಲ.

ಗೈಡ್ ಬೇಕೇ? ಎಲ್ಲ ಕಡೆ ಬೇಡ. ಶಿಲ್ಪಗಳಲ್ಲಿ ಕಥೆ ತುಂಬಿರುವ ಕಡೆ, ಅಂದರೆ ಪಟ್ಟದಕಲ್ಲಿನ ವಿರೂಪಾಕ್ಷ, ಹಂಪಿಯ ಹಜಾರರಾಮ, ವಿಠ್ಠಲ ಗುಡಿಗಳಲ್ಲಿ ಒಳ್ಳೆಯ ಗೈಡ್ ಪುಸ್ತಕಕ್ಕಿಂತ ಮೇಲು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ನೋಡಿ, ಎಷ್ಟು ಹೊತ್ತು, ಯಾವ ಯಾವ ಜಾಗ, ಎಷ್ಟು ದುಡ್ಡು ಎಂಬ ಮೂರನ್ನೂ ಮೊದಲೇ ಮಾತಾಡಿ. ಕಂಬ ಬಾರಿಸಿ ಸಂಗೀತ ಕೇಳಿಸುತ್ತೇನೆ ಎನ್ನುವವರನ್ನು ಬಿಟ್ಟುಬಿಡಿ, ವಿಠ್ಠಲ ಗುಡಿಯ ಕಂಬಗಳನ್ನು ಮುಟ್ಟಿ ಬಾರಿಸುವುದು ನಿಷಿದ್ಧ.

ಫೋನಿನ ನಕ್ಷೆಯ ಬಗ್ಗೆ ಎರಡು ಮಾತು. ಗೂಗಲ್ ನಕ್ಷೆಯನ್ನು ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ವಾಹನದ ದಾರಿ ತೋರಿಸುತ್ತದೆ, ನಡೆಯುವ ದಾರಿ ತೋರಿಸುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್‌ನಂಥವು ಕಾಲುದಾರಿಯನ್ನೂ ತೋರಿಸುತ್ತವೆ. ಹಂಪಿಯ ಬಂಡೆಗಳ ನಡುವೆ ಉಪಯೋಗಕ್ಕೆ ಬರುವುದು ಇದೇ. ಆದರೆ ಹೊಳೆಯ ದೋಣಿ ನಡೆಯುತ್ತಿದೆಯೇ ಎಂಬುದು ಯಾವ ನಕ್ಷೆಗೂ ಗೊತ್ತಿರುವುದಿಲ್ಲ. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ, ಆಗ ಆಚೆ ದಡದಲ್ಲಿ ಉಳಿದವರು ಸೇತುವೆ ಸುತ್ತಿಯೇ ಬರಬೇಕು. ಮಲಪ್ರಭೆಯೂ ಹಾಗೆಯೇ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತ್ತು. ಮಳೆಗಾಲದಲ್ಲಿ ಹೊರಡುವ ಮುನ್ನ ಅಣೆಕಟ್ಟೆಯ ಸುದ್ದಿ ನೋಡಿ.

ಕೈಪಿಡಿಗಳು ಮರೆಯುವ ಇನ್ನೊಂದು ಆಕರ ನಿಮ್ಮ ಅಡುಗೆಮನೆ ಗೋಡೆಯಲ್ಲಿದೆ, ಕ್ಯಾಲೆಂಡರು. ಬನದ ಹುಣ್ಣಿಮೆಗೆ, ಅಂದರೆ ಪುಷ್ಯ ಮಾಸದ ಹುಣ್ಣಿಮೆಗೆ, ಬಾದಾಮಿ ಪಕ್ಕದ ಬನಶಂಕರಿ ಜಾತ್ರೆ ಶುರುವಾಗಿ ವಾರಗಟ್ಟಲೆ ನಡೆಯುತ್ತದೆ. ಲಾಡ್ಜು ಸಿಗುವುದಿಲ್ಲ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಜಾತ್ರೆಯನ್ನೇ ನೋಡಲು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಗುಹೆ ನೋಡಲು ಹೋಗುವವರು ಬೇರೆ ವಾರ ಆರಿಸಿಕೊಳ್ಳಲಿ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಚೈತ್ರದಲ್ಲಿ ಹಂಪಿಯ ತೇರು. ಏಪ್ರಿಲ್, ಮೇ ತಿಂಗಳ ಬಿಸಿಲಿನ ಬಗ್ಗೆ ಉತ್ತರ ಕರ್ನಾಟಕದವರಿಗೆ ಹೇಳಬೇಕಿಲ್ಲ, ಉಳಿದವರು ಕೇಳಿಕೊಂಡು ಹೋಗಲಿ.

ವಸತಿಯಲ್ಲಿ ಒಂದೇ ಪ್ರಶ್ನೆ ನೂರಾರು ರೂಪಾಯಿ ಉಳಿಸುತ್ತದೆ: 24 ಗಂಟೆ ಲೆಕ್ಕವೋ, ಮಧ್ಯಾಹ್ನ 12ರ ಲೆಕ್ಕವೋ? ರಾತ್ರಿ ರೈಲಿನಲ್ಲಿ ಬೆಳಿಗ್ಗೆ ಹೊಸಪೇಟೆಗೆ ಇಳಿದವರು 12ರ ಲೆಕ್ಕದ ಲಾಡ್ಜು ಹಿಡಿದರೆ, ಸ್ನಾನ ಮಾಡಿ ಮಲಗಿ ಏಳುವಷ್ಟರಲ್ಲಿ ಒಂದು ದಿನದ ಬಾಡಿಗೆ ಮುಗಿದಿರುತ್ತದೆ. ರಾತ್ರಿ ತಂಗುವುದಿಲ್ಲ ಎಂದಾದರೆ ರೈಲ್ವೆ ಕ್ಲೋಕ್‌ರೂಮಿನಲ್ಲಿ ಸಾಮಾನಿಟ್ಟು ಹೋಗಬಹುದು. ಬ್ಯಾಗಿಗೆ ಬೀಗವಿಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ, ಚಿಕ್ಕ ಬೀಗ ಜೇಬಿನಲ್ಲಿರಲಿ. ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರಿನಿಂದ 60 ದಿನ ಮುಂಚೆ ತೆರೆಯುತ್ತದೆ, ಮೊದಲಿದ್ದ 120 ದಿನವನ್ನೇ ನಂಬಿದ ಪುಸ್ತಕಗಳು ಇನ್ನೂ ಮಾರಾಟದಲ್ಲಿವೆ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇವೆ.

ಒಬ್ಬಂಟಿ ಹೆಣ್ಣುಮಕ್ಕಳಿಗೆ ಈ ದಾರಿ ಹೇಗೆ? ಹಗಲಿನಲ್ಲಿ ಬಸ್ಸಿನ ದಾರಿ ಒಳ್ಳೆಯದೇ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ಟನ್ನು ತೆಗೆದುಕೊಳ್ಳಲೇಬೇಕು. ಹಂಪಿಯಲ್ಲಿ ಸೂರ್ಯೋದಯಕ್ಕೆಂದು ಮಾತಂಗ ಪರ್ವತವನ್ನು ಕತ್ತಲಲ್ಲಿ ಒಬ್ಬರೇ ಹತ್ತುವುದು ಮಾತ್ರ ಬೇಡ. ಗಂಡಸರಿಗೂ ಇದೇ ಮಾತು, ಮೆಟ್ಟಿಲು ತಪ್ಪಿ ಬಿದ್ದರೆ ಕೂಗಿದ್ದು ಕೇಳುವವರು ಹತ್ತಿರದಲ್ಲಿರುವುದಿಲ್ಲ. ಜೊತೆಗಾರರು ಸಿಗದಿದ್ದರೆ ಸಂಜೆ ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಗೆ ಹೋಗಿ. ಭೂತನಾಥ ಗುಡಿ ಪಡುವಣಕ್ಕೆ ಮುಖ ಮಾಡಿದೆ, ಇಳಿಬಿಸಿಲು ನೇರವಾಗಿ ಬೀಳುತ್ತದೆ. ಕೈಯಲ್ಲಿ ತಿಂಡಿಯ ಪ್ಲಾಸ್ಟಿಕ್ ಚೀಲ ಬೇಡ, ಅಲ್ಲಿನ ಮಂಗಗಳಿಗೆ ಚೀಲದ ಸದ್ದು ಚೆನ್ನಾಗಿ ಗೊತ್ತು.

ಎಷ್ಟೇ ಲೆಕ್ಕ ಹಾಕಿದರೂ ಕಡೆಯ ಬಸ್ಸು ತಪ್ಪಿದರೆ? ಮೊದಲು ನಿಂತ ಜಾಗ ಬಿಡಬೇಡಿ, ಬಸ್ಸು ತಡವಾಗಿರಬಹುದು. ಹೋದದ್ದು ಖಚಿತವಾದರೆ ಟಂಟಂ ಅಥವಾ ಕ್ರೂಸರ್ ಜೀಪು ಕೇಳಿ. ಬಾದಾಮಿಯ ತನಕವೇ ಬೇಕೆಂದು ಹಟ ಹಿಡಿಯದೆ, ದೊಡ್ಡ ರಸ್ತೆ ಸೇರಿಸುವವರು ಸಿಕ್ಕರೆ ಹತ್ತಿಬಿಡಿ. ಐಹೊಳೆಯಿಂದಾದರೆ ಅಮೀನಗಡ ಅಂಥ ಜಾಗ, ಅಲ್ಲಿಂದ ಬಾಗಲಕೋಟೆಯ ಕಡೆಗೆ ರಾತ್ರಿಯೂ ಬಸ್ಸು ಸಿಗುವ ಸಾಧ್ಯತೆ ಹೆಚ್ಚು. ಪೂರ್ತಿ ಗಾಡಿ ಬಾಡಿಗೆಗೆ ಹಿಡಿಯಲೇಬೇಕಾದರೆ ನಿಮ್ಮಂತೆಯೇ ಉಳಿದವರು ಯಾರಿದ್ದಾರೆಂದು ನೋಡಿ, ದರ ಹಂಚಿಕೊಳ್ಳಿ. ಹತ್ತು, ಇಪ್ಪತ್ತು, ಐವತ್ತರ ನೋಟುಗಳು ಜೇಬಿನಲ್ಲಿರಲಿ, ಆ ಹೊತ್ತಿಗೆ ಫೋನಿನ ಬ್ಯಾಟರಿಯೂ ಮುಗಿದಿರುವುದು ವಾಡಿಕೆ.